ಅಡಿಗೆಷ್ಟು, ರಾತ್ರಿಗೆಷ್ಟು

ಬೆಂಗಳೂರಿನಲ್ಲಿ ಸೈಟಿಗೆ ಚದರಡಿ ಎಷ್ಟು ಎಂದು ಕೇಳುವ ಹಾಗೆ, ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ದೋಣಿ ಕಟ್ಟುವ ಜಾಗಕ್ಕೆ ಅಡಿಗೆ ಎಷ್ಟು ಎಂದು ಕೇಳಬೇಕು. ಮರೀನಾಕ್ಕೆ ರೇಡಿಯೋದಲ್ಲಿ ಕರೆ ಮಾಡಿದರೆ ನಿಮ್ಮ ಹೆಸರಿಗಿಂತ ಮೊದಲು ದೋಣಿಯ ಉದ್ದ ವಿಚಾರಿಸುತ್ತಾರೆ. ಅನ್ನಾಪೊಲಿಸ್, ಸೇಂಟ್ ಮೈಕಲ್ಸ್‌ನಂಥ ಊರುಗಳಲ್ಲಿ ಜುಲೈ ತಿಂಗಳ ಶನಿವಾರ ಅಡಿಗೆ ನಾಲ್ಕು ಡಾಲರ್ ಹೇಳಿದರೆ ಆಶ್ಚರ್ಯಪಡುವಂತಿಲ್ಲ. ನಮ್ಮದು 30 ಅಡಿಯ ಹಾಯಿದೋಣಿ. ಒಂದು ರಾತ್ರಿ ಕಟ್ಟಿಹಾಕಿದರೆ 120 ಡಾಲರ್, ಕರೆಂಟಿಗೆ ಬೇರೆ. ಅದೇ ಊರಿನಲ್ಲಿ ಅರ್ಧ ಮೈಲಿ ಆಚೆ ಲಂಗರು ಹಾಕಿ ಮಲಗಿದರೆ ಬಾಡಿಗೆ ಸೊನ್ನೆ.

ಈ ಎರಡು ಅಂಕಿಗಳ ನಡುವೆ ನನ್ನ ಬೇಸಿಗೆಯ ಅರ್ಥಶಾಸ್ತ್ರವೆಲ್ಲ ಅಡಗಿದೆ. ಮೇರಿಲ್ಯಾಂಡಿನಲ್ಲಿ ನೌಕರಿ ಮಾಡುವ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಸೇರಿ ಹಳೆಯದೊಂದು ದೋಣಿ ಕೊಂಡು ಕೆಲವು ವರ್ಷಗಳಾದವು. ಅರ್ಧ ಪಾಲು ಅವರದು, ಅರ್ಧ ನನ್ನದು. "ದೋಣಿ ಇಟ್ಟುಕೊಂಡಿದ್ದೀಯಾ, ಭಾರೀ ಸಿರಿವಂತ ಬಿಡು" ಎಂದು ಊರಿನವರು ಹೇಳುವಾಗ ನನಗೆ ನಗು ಬರುತ್ತದೆ. ನನ್ನ ಪಾಲಿಗೆ ಬಂದ ಬೆಲೆ ಒಂದು ಸೆಕೆಂಡ್ ಹ್ಯಾಂಡ್ ಕಾರಿನಷ್ಟು. ಕೊಳ್ಳುವುದಕ್ಕೆ ಸಿರಿವಂತಿಕೆ ಬೇಕಾಗಲಿಲ್ಲ. ಇಟ್ಟುಕೊಳ್ಳುವುದೇ ಬೇರೆ ಮಾತು.

ದೋಣಿ ಮಾರುವವರು ಒಂದು ಸೂತ್ರ ಹೇಳುತ್ತಾರೆ: ಕೊಂಡ ಬೆಲೆಯ ಹತ್ತರಲ್ಲೊಂದು ಪಾಲನ್ನು ವರ್ಷವರ್ಷ ನಿರ್ವಹಣೆಗೆ ಎತ್ತಿಡಿ. ಹೊಸ ದೋಣಿಗೆ ಇದು ಸರಿಯಿದ್ದೀತು. ಹಳೆಯದಕ್ಕೆ ಹಚ್ಚಿದರೆ ಸೂತ್ರ ದಾರಿ ತಪ್ಪಿಸುತ್ತದೆ. ನಾವು ಸುಮಾರು 22,000 ಡಾಲರಿಗೆ ಕೊಂಡೆವು, ಹಾಗಾದರೆ ವರ್ಷಕ್ಕೆ 2,200 ಸಾಕು ಅಂದ ಹಾಗಾಯಿತು. ಮರೀನಾದವನಿಗೆ ನಾವು ಎಷ್ಟು ಕೊಟ್ಟು ಕೊಂಡೆವೆಂಬುದು ಬೇಕಿಲ್ಲ, ಅವನ ಲೆಕ್ಕ ಅಡಿಯಲ್ಲಿ. ಚಳಿಗಾಲ ಬರುವ ಮುಂಚೆ ಕ್ರೇನಿನಿಂದ ನೀರಾಚೆ ಎತ್ತಿ ಕಟ್ಟೆಯ ಮೇಲೆ ನಿಲ್ಲಿಸುವವನದೂ ಅಡಿ ಲೆಕ್ಕ. ತಳಕ್ಕೆ ಪಾಚಿ, ಬಾರ್ನಕಲ್ ಹತ್ತದಂತೆ ಬಣ್ಣ ಬಳಿಯುವವನದೂ ಅದೇ. ಐದು ಸಾವಿರದ ಜೀರ್ಣ ದೋಣಿಗೂ ಎರಡು ಲಕ್ಷದ ಹೊಸ ದೋಣಿಗೂ ಉದ್ದ ಒಂದೇ ಆದರೆ ಬಿಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮ ಖರ್ಚು ವರ್ಷಕ್ಕೆ ಎಂಟು ಸಾವಿರದ ಆಸುಪಾಸಿನಲ್ಲಿ ನಿಂತಿದೆ: ಅರ್ಧ ಕಟ್ಟುವ ಜಾಗಕ್ಕೆ, ಉಳಿದದ್ದು ಚಳಿಗಾಲದ ಕಟ್ಟೆ, ಬಣ್ಣ, ವಿಮೆ, ಎಂಜಿನ್ ಎಣ್ಣೆ, ಬ್ಯಾಟರಿ, ಹಗ್ಗ ಎಂದು ಚೂರುಚೂರಾಗಿ ಹೋಗುತ್ತದೆ.

ಅದಕ್ಕೇ ಯಾರಾದರೂ ದೋಣಿ ಕೊಳ್ಳುತ್ತೇನೆಂದರೆ ನಾನು ಬೆಲೆ ಕೇಳುವುದಿಲ್ಲ, ಉದ್ದ ಕೇಳುತ್ತೇನೆ. 30 ಅಡಿಯಿಂದ 40 ಅಡಿಗೆ ಹೋದರೆ ಮೂರನೇ ಒಂದು ಭಾಗ ಮಾತ್ರ ದೊಡ್ಡದಾಯಿತು ಅನ್ನಿಸುತ್ತದೆ. ಆಕಾರ ಅದೇ ಇದ್ದರೆ ಬಣ್ಣ ಬಳಿಯುವ ಮೈ, ಹಾಯಿಯ ಬಟ್ಟೆ ಒಂದೂಮುಕ್ಕಾಲು ಪಟ್ಟಿಗೂ ಹೆಚ್ಚು. ಗಾತ್ರ ಎರಡು ಪಟ್ಟಿಗಿಂತ ಮೇಲೆ, ಅದನ್ನು ದೂಡುವ ಎಂಜಿನ್ನೂ ದೊಡ್ಡದೇ ಬೇಕು.

ಪ್ರಯಾಣದ ಲೆಕ್ಕಕ್ಕೆ ಬರೋಣ. ಅನ್ನಾಪೊಲಿಸ್‌ನಿಂದ ಸೇಂಟ್ ಮೈಕಲ್ಸ್‌ಗೆ ಕಾರಿನಲ್ಲಿ ಕೊಲ್ಲಿಯ ಸೇತುವೆ ದಾಟಿ ಒಂದು ಗಂಟೆ ಚಿಲ್ಲರೆ. ಹಾಯಿದೋಣಿಯಲ್ಲಿ ಅರ್ಧ ದಿನಕ್ಕೂ ಹೆಚ್ಚು, ಗಾಳಿ ಮನಸ್ಸು ಮಾಡಿದರೆ. ಜುಲೈ, ಆಗಸ್ಟಿನಲ್ಲಿ ಗಾಳಿ ಮನಸ್ಸು ಮಾಡುವುದು ಕಡಿಮೆ. ಬೆಳಗ್ಗೆಯಿಂದ ಎಲೆ ಅಲುಗದು, ಮಧ್ಯಾಹ್ನದ ಮೇಲೆ ಒಮ್ಮೆಲೇ ಪಶ್ಚಿಮದಲ್ಲಿ ಕರಿಮೋಡ ಎದ್ದು ಗುಡುಗು ಸಿಡಿಲು. ಆದ್ದರಿಂದ ಬೇಸಿಗೆಯ ಅರ್ಧ ದಾರಿ ಡೀಸೆಲ್ ಮೇಲೆಯೇ. ಆದರೂ ನಮ್ಮ ಪುಟ್ಟ ಎಂಜಿನ್ ಗಂಟೆಗೆ ಕುಡಿಯುವುದು ಒಂದು ಗ್ಯಾಲನ್ನಿಗೂ ಕಡಿಮೆ. ಪಕ್ಕದಲ್ಲೇ ನೊರೆ ಎಬ್ಬಿಸುತ್ತ ಹಾದುಹೋಗುವ ಮೋಟಾರು ದೋಣಿ ಗಂಟೆಗೆ ಇಪ್ಪತ್ತು ಗ್ಯಾಲನ್ ಸುಡುತ್ತಿರಬಹುದು. ನಾವು ಸಾಯಂಕಾಲ ಮುಟ್ಟುವ ಊರಿಗೆ ಅವರು ಕಾಫಿಯ ಹೊತ್ತಿಗೇ ಮುಟ್ಟುತ್ತಾರೆ. ಇಬ್ಬರೂ ಮುಟ್ಟಿ ಮಾಡುವುದು ಒಂದೇ ಕೆಲಸ, ಏಡಿ ತಿನ್ನುವುದು. ಸಸ್ಯಾಹಾರಿಯಾದ ನನ್ನ ಹೆಂಡತಿ ಜೋಳದ ತೆನೆ ತಿನ್ನುತ್ತಾಳೆ.

ಮರೀನಾದ ಬಿಲ್ಲಿನ ಮರ್ಮವೂ ಬೇಸಿಗೆಯ ಸೆಕೆಯಲ್ಲೇ ಇದೆ. ಜನ ನಾಲ್ಕು ಡಾಲರ್ ಕೊಡುವುದು ಊರಿಗೆ ಹತ್ತಿರವಾಗಲಿ ಎಂದಷ್ಟೇ ಅಲ್ಲ, ದಡದ ಕರೆಂಟಿಗೆ ವಯರ್ ಸಿಕ್ಕಿಸಿ ರಾತ್ರಿಯಿಡೀ ಏಸಿ ಹಾಕಬಹುದೆಂದು. ಲಂಗರಿನಲ್ಲಿರುವವನಿಗೆ ಬ್ಯಾಟರಿಯ ಫ್ಯಾನು, ಸೊಳ್ಳೆ ಪರದೆ. ನೀರಿಗೆ ಧುಮುಕಿ ತಣ್ಣಗಾಗೋಣವೆಂದರೆ ನಡುಬೇಸಿಗೆಯಲ್ಲಿ ಕೊಲ್ಲಿಯ ತುಂಬ ಕುಟುಕುವ ಜೆಲ್ಲಿಮೀನು. ನಾವು ಮಾಡಿಕೊಂಡ ಒಪ್ಪಂದ ಇಷ್ಟು: ಹವಾಮಾನ ವರದಿಯಲ್ಲಿ ಸೆಕೆಯ ಎಚ್ಚರಿಕೆ ಇದ್ದರೆ ಮರೀನಾ, ಇಲ್ಲದಿದ್ದರೆ ಲಂಗರು. ಕೊಲ್ಲಿಯೂ ಅದಕ್ಕೆ ಸೇರುವ ನದಿಗಳೂ ಕೂಡಿ ಸರಾಸರಿ ಆಳ 21 ಅಡಿ ಮಾತ್ರ, ಕೆಳಗೆ ಬಹುಪಾಲು ಕೆಸರು. ಲಂಗರು ಚೆನ್ನಾಗಿ ಕಚ್ಚುತ್ತದೆ. ದೋಣಿಯ ತಳವೂ ಅಷ್ಟೇ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಹಾಗಾಗಿ ಎಳೆದೊಯ್ಯುವ ಸೇವೆಗೆ ವಾರ್ಷಿಕ ಚಂದಾ ಕಟ್ಟಿಡುವುದು ಜಾಣತನ. ಚಂದಾ ಇಲ್ಲದವನನ್ನು ಕೆಸರಿನಿಂದ ಎಳೆಯಲು ಗಂಟೆ ಲೆಕ್ಕದ ದರ, ಗಂಟೆ ಶುರುವಾಗುವುದು ಅವರು ತಮ್ಮ ಕಟ್ಟೆ ಬಿಟ್ಟಾಗಿನಿಂದ.

ಈ ಊರುಗಳು ಇಷ್ಟು ಚೆಂದವಾಗಿ ಹಳೆಯದಾಗಿ ಉಳಿದದ್ದರಲ್ಲೂ ಹಣದ ಕೈವಾಡವಿದೆ. 1694ರಲ್ಲಿ ಮೇರಿಲ್ಯಾಂಡ್ ವಸಾಹತು ತನ್ನ ಅಧಿಕೃತ ಬಂದರುಗಳೆಂದು ಆರಿಸಿಕೊಂಡ ಎರಡು ಊರುಗಳಲ್ಲಿ ಒಂದು ಅನ್ನಾಪೊಲಿಸ್, ಇನ್ನೊಂದು ಆಕ್ಸ್‌ಫರ್ಡ್. ತಂಬಾಕು ಇಂಗ್ಲೆಂಡಿಗೆ ಹೋಗುತ್ತಿತ್ತು, ಅದನ್ನು ಬೆಳೆಯುತ್ತಿದ್ದವರಲ್ಲಿ ದೊಡ್ಡ ಪಾಲು ಗುಲಾಮರು. ಸ್ವಾತಂತ್ರ್ಯ ಯುದ್ಧದ ಬಳಿಕ ಆ ವ್ಯಾಪಾರ ಬಿದ್ದುಹೋಯಿತು, ಬಾಲ್ಟಿಮೋರ್ ಬೆಳೆಯಿತು, ಆಕ್ಸ್‌ಫರ್ಡ್ ಮಲಗಿತು. ಮುಂದೆ ರೈಲು ಬಂದು ಸಿಂಪಿಯ ವ್ಯಾಪಾರ ಒಂದಿಷ್ಟು ಕಾಲ ಎಬ್ಬಿಸಿತು, ಸಿಂಪಿ ಕಡಿಮೆಯಾದಾಗ ಮತ್ತೆ ಮಲಗಿತು. ಹಳೆ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಊರಿನಲ್ಲಿರಲಿಲ್ಲ. ಇವತ್ತು ಅದೇ ಹಲಗೆ ಮನೆಗಳ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ.

ಆಕ್ಸ್‌ಫರ್ಡ್‌ಗೆ ಹೋದಾಗಲೆಲ್ಲ ನನಗೆ ರಾಬರ್ಟ್ ಮೋರಿಸ್ ನೆನಪಾಗುತ್ತಾನೆ. ಅವನ ಅಪ್ಪ ಈ ಊರಿನಲ್ಲಿ ಲಿವರ್‌ಪೂಲಿನ ವ್ಯಾಪಾರಿಗಳ ಏಜೆಂಟನಾಗಿದ್ದ. 1750ರಲ್ಲಿ ಹಡಗೊಂದು ಅವನ ಗೌರವಾರ್ಥ ಹಾರಿಸಿದ ಕುಶಾಲತೋಪಿನ ಬೆಣೆ ಬಡಿದು, ಆ ಗಾಯದಿಂದಲೇ ಸತ್ತ. ಮಗ ಫಿಲಡೆಲ್ಫಿಯಾದಲ್ಲಿ ದೊಡ್ಡ ಸಾಹುಕಾರನಾಗಿ ಬೆಳೆದು ಅಮೆರಿಕದ ಕ್ರಾಂತಿಗೆ ಹಣ ಹೊಂದಿಸಿದ, ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದ. ಆಮೇಲೆ ಸಾಲ ತಂದು ಎಲ್ಲೆಲ್ಲೋ ಜಮೀನು ಕೊಂಡು, ಮಾರಲಾಗದೆ, 1798ರಿಂದ 1801ರವರೆಗೆ ಸಾಲಗಾರರ ಜೈಲಿನಲ್ಲಿದ್ದ. ಜಾರ್ಜ್ ವಾಷಿಂಗ್ಟನ್ ಅಲ್ಲಿಗೇ ಹೋಗಿ ಅವನ ಜತೆ ಊಟ ಮಾಡಿ ಬಂದ. ದೇಶದ ಖಜಾನೆ ನಡೆಸಿದವನೂ ಕೈಯಲ್ಲಿ ನಗದಿಲ್ಲದೆ ಆಸ್ತಿ ಮಾತ್ರ ಇಟ್ಟುಕೊಂಡರೆ ಹೀಗಾಗುತ್ತದೆ.

ಸೇಂಟ್ ಮೈಕಲ್ಸ್‌ನ ಸಾಗರ ಸಂಗ್ರಹಾಲಯದಲ್ಲಿ 1879ರ ದೀಪಸ್ತಂಭವಿದೆ, ಅರವತ್ತರ ದಶಕದಲ್ಲಿ ನೀರಿನಿಂದ ಎತ್ತಿ ತಂದು ನಿಲ್ಲಿಸಿದ್ದು. ಪ್ರವಾಸಿಗಳೆಲ್ಲ ಮೊದಲು ಓಡುವುದು ಅಲ್ಲಿಗೆ. ನಾನು ಊರಿನ ಬೀದಿಗಳನ್ನೇ ಸುತ್ತುತ್ತೇನೆ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಹುಡುಗನಾಗಿದ್ದಾಗ ಇಲ್ಲಿ ಗುಲಾಮನಾಗಿದ್ದ. ಮುಂದೆ ಬಾಲ್ಟಿಮೋರಿನ ಹಡಗುಕಟ್ಟೆಯಲ್ಲಿ ಹಲಗೆಗಳ ಸಂದು ತುಂಬುವ ಕೆಲಸ ಮಾಡಿದ. ವಾರದ ಕೂಲಿ ಯಜಮಾನನ ಕೈಗೆ ಹೋಗುತ್ತಿತ್ತು. 1838ರಲ್ಲಿ ಅವನು ತಪ್ಪಿಸಿಕೊಂಡ.

ಕಳೆದ ಬೇಸಿಗೆಯಲ್ಲಿ ಹೊನ್ನಾವರದಿಂದ ಬಂದಿದ್ದ ನನ್ನ ಸೋದರಮಾವ ಎರಡು ದಿನ ನಮ್ಮ ಜತೆ ದೋಣಿಯಲ್ಲಿದ್ದರು. ಬೆಳಗಿನ ಜಾವ ಏಡಿ ಹಿಡಿಯುವವರ ದೋಣಿಗಳು ಸದ್ದು ಮಾಡುತ್ತ ಹೊರಟಿದ್ದನ್ನು ಎದ್ದು ಕೂತು ನೋಡಿದರು. ಚಹಾ ಕುಡಿಯುತ್ತ, "ನಮ್ಮಲ್ಲಿ ದುಡೀಲಿಕ್ಕೆ ದೋಣಿ ಹತ್ತುತ್ತಾರೆ, ನೀನು ಖರ್ಚು ಮಾಡ್ಲಿಕ್ಕೆ ಹತ್ತುತ್ತೀಯಲ್ಲೋ" ಎಂದರು. ತಮಾಷೆಗೇ ಅಂದದ್ದು, ಆದರೆ ಅದರಲ್ಲೊಂದು ಲೆಕ್ಕವಿದೆ. ಏಡಿ ಹಿಡಿಯುವವನೂ ನಾನೂ ಒಂದೇ ದಡಕ್ಕೆ ಪೈಪೋಟಿ ನಡೆಸುತ್ತೇವೆ. ಅಡಿಗೆ ನಾಲ್ಕು ಡಾಲರ್ ಕೊಡುವವರು ಸಾಲುಗಟ್ಟಿದರೆ ಸಿಂಪಿ ಒಡೆಯುವ ಶೆಡ್ಡು ಇದ್ದಲ್ಲಿ ಮರೀನಾ ಬರುತ್ತದೆ. ಬಂದೂ ಇದೆ.

"ಮಾವಯ್ಯ, ಇಬ್ಬರು ಸೇರಿ ಇಟ್ಟುಕೊಂಡದ್ದರಿಂದ ನಡೀತಿದೆ" ಎಂದೆ. "ಪಾಲುದಾರಿಕೆ ಕಾಗದದ ಮೇಲಿದೆಯೋ, ಬಾಯಿಮಾತೋ?" ಎಂದು ಕೇಳಿದರು. ಕಾಗದದ ಮೇಲಿದೆ. ಜಂಟಿ ಖಾತೆಗೆ ಇಬ್ಬರೂ ಪ್ರತಿ ತಿಂಗಳು ಸಮನಾಗಿ ಹಾಕುತ್ತೇವೆ, ದೋಣಿ ನೀರಿನಲ್ಲಿರಲಿ, ಕಟ್ಟೆಯ ಮೇಲಿರಲಿ. ಜುಲೈ ನಾಲ್ಕರ ವಾರ ಒಂದು ವರ್ಷ ಅವರಿಗೆ, ಒಂದು ವರ್ಷ ನಮಗೆ. ಐನೂರು ಡಾಲರಿಗಿಂತ ಹೆಚ್ಚಿನ ಖರ್ಚಿಗೆ ಇಬ್ಬರ ಒಪ್ಪಿಗೆ. ಒಬ್ಬರು ಬಿಡುವುದಾದರೆ ಮೊದಲು ಇನ್ನೊಬ್ಬರಿಗೆ ಕೊಡಬೇಕು, ಬೆಲೆಯನ್ನು ಹೊರಗಿನ ಸರ್ವೇಯರ್ ಹೇಳಬೇಕು. ಸ್ನೇಹ ಚೆನ್ನಾಗಿದ್ದಾಗಲೇ ಬರೆದದ್ದರಿಂದ ಅರ್ಧ ಗಂಟೆಯಲ್ಲಿ ಮುಗಿಯಿತು.

ಕಣ್ಣಿಗೆ ಬೀಳದ ಎರಡು ಬಾಬತ್ತು ಹೇಳಿಬಿಡುತ್ತೇನೆ. ಹಳೆಯದಾದರೂ ಮೇರಿಲ್ಯಾಂಡಿನಲ್ಲಿ ದೋಣಿ ನೋಂದಾಯಿಸುವಾಗ ಶೇ. 5ರ ಅಬಕಾರಿ ತೆರಿಗೆ ಕಟ್ಟಬೇಕು, ನಮಗೆ ಸಾವಿರದ ನೂರು ಬಿತ್ತು. ವಿಮೆಯಲ್ಲಿ ಒಪ್ಪಿತ ಮೌಲ್ಯ ಬೇರೆ, ಸವಕಳಿ ಕಳೆದ ಮೌಲ್ಯ ಬೇರೆ. ಹಳೆ ದೋಣಿಗೆ ಎರಡನೆಯದನ್ನು ತೆಗೆದುಕೊಂಡರೆ ಕೈಗೆ ಹತ್ತುವುದು ಅಲ್ಪ. ಮುಳುಗಿದ ದೋಣಿಯನ್ನು ಎತ್ತಿಸುವ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಲೇಬೇಕು. 2003ರಲ್ಲಿ ಇಸಾಬೆಲ್ ಚಂಡಮಾರುತ ಅನ್ನಾಪೊಲಿಸ್‌ನ ಬೀದಿಗೇ ನೀರು ನುಗ್ಗಿಸಿತ್ತು.

ಅಕ್ಟೋಬರಿನ ಅನ್ನಾಪೊಲಿಸ್ ದೋಣಿ ಮೇಳಕ್ಕೆ ಹೋದರೆ ದಲ್ಲಾಳಿಗಳು ಇನ್ನೊಂದು ರಾಗ ಹಾಡುತ್ತಾರೆ: ಹಾಸಿಗೆ, ಅಡುಗೆ ಒಲೆ, ಶೌಚಾಲಯ ಮೂರೂ ಇದ್ದರೆ ದೋಣಿಯನ್ನು ಎರಡನೆಯ ಮನೆಯೆಂದು ತೋರಿಸಿ ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಪಡೆಯಬಹುದು. ಕಾನೂನಿನಲ್ಲಿ ಹಾಗಿರುವುದು ನಿಜ. ಆದರೆ 2018ರಿಂದ ಪ್ರಮಾಣಿತ ಕಡಿತದ ಮೊತ್ತ ಹೆಚ್ಚುಕಡಿಮೆ ದುಪ್ಪಟ್ಟಾದ ಮೇಲೆ ಬಾಬತ್ತುವಾರು ಲೆಕ್ಕ ತೋರಿಸುವವರೇ ಕಡಿಮೆ, ತೋರಿಸದವರಿಗೆ ಈ ರಿಯಾಯಿತಿಯಿಂದ ಬಿಡಿಗಾಸೂ ಉಳಿಯದು. ಹದಿನೈದು ವರ್ಷದ ಸಾಲ ಮಾಡಿ, ಅದಕ್ಕಿಂತ ಬೇಗ ಬೆಲೆ ಇಳಿಯುವ ವಸ್ತು ಕೊಳ್ಳುವುದನ್ನು ನಾನಂತೂ ಯಾರಿಗೂ ಹೇಳಲಾರೆ.

ನನ್ನ ಪಾಲಿನ ವಾರ್ಷಿಕ ಖರ್ಚು ನಾಲ್ಕು ಸಾವಿರ. ಇಪ್ಪತ್ತರ ಸುಮಾರು ರಾತ್ರಿ ದೋಣಿಯಲ್ಲಿ ಮಲಗುತ್ತೇವೆ, ಅಂದರೆ ರಾತ್ರಿಗೆ ಇನ್ನೂರು. ಸೇಂಟ್ ಮೈಕಲ್ಸ್‌ನ ಒಳ್ಳೆಯ ಹೋಟೆಲಿಗೆ ಬೇಸಿಗೆಯ ವಾರಾಂತ್ಯದಲ್ಲಿ ಇದಕ್ಕಿಂತ ಹೆಚ್ಚೇ ಕೊಡಬೇಕು. ಹತ್ತೇ ರಾತ್ರಿ ಮಲಗಿದರೆ ನಾನೂರು. ಆಗ ಒಂದು ವಾರಕ್ಕೆ ದೋಣಿ ಬಾಡಿಗೆಗೆ ತೆಗೆದುಕೊಂಡು, ಇನ್ನೊಂದು ಕುಟುಂಬದ ಜತೆ ಹಂಚಿಕೊಂಡು, ವಾಪಸು ಕೊಟ್ಟು ಕೈತೊಳೆದುಕೊಳ್ಳುವುದೇ ಮೇಲು. ಎರಡು ವಾರಕ್ಕಿಂತ ಹೆಚ್ಚು ರಜೆ ಸಿಗದ ನೌಕರಸ್ಥರಿಗೆ ನಾನು ಹೇಳುವುದು ಇದನ್ನೇ. ಕೊಲ್ಲಿಯ ತುಂಬ ಬೇಸಿಗೆಯಿಡೀ ಕಟ್ಟಿದ ಹಗ್ಗ ಬಿಚ್ಚದ ದೋಣಿಗಳೇ ಹೆಚ್ಚು. ಅವುಗಳ ಒಂದು ರಾತ್ರಿಯ ಬೆಲೆ ಎಷ್ಟೆಂದು ಮಾಲೀಕರು ಲೆಕ್ಕ ಹಾಕಿರಲಾರರು.

ಈಗ ಪಾಲುದಾರರು 36 ಅಡಿಯದೊಂದು ನೋಡಿ ಬಂದಿದ್ದಾರೆ. ಬೆಲೆ ಅಗ್ಗವಂತೆ, ಒಳಗೆ ಎದ್ದು ನಿಂತರೆ ತಲೆ ತಾಗುವುದಿಲ್ಲವಂತೆ, ಏಸಿಯೂ ಇದೆಯಂತೆ. ನಮ್ಮ ಮರೀನಾದಲ್ಲಿ ಆ ಉದ್ದಕ್ಕೆ ಜಾಗ ಖಾಲಿಯಿಲ್ಲ, ಸರತಿಯಲ್ಲಿ ಹೆಸರು ಬರೆಸಬೇಕು. ಬರೆಸಲು ಶುಲ್ಕ ಬೇರೆ. ಅದನ್ನು ಜಂಟಿ ಖಾತೆಯಿಂದ ಕೊಡಬೇಕೋ, ಅವರ ಜೇಬಿನಿಂದಲೋ ಎಂಬ ಚರ್ಚೆ ನಡೆದಿದೆ. ಒಪ್ಪಂದದಲ್ಲಿ ಅದನ್ನು ಬರೆದಿರಲಿಲ್ಲ.