ಇದು ಅರಿಶಿನದ ಬೆಳೆ, ಮಗಾ

ಮಗಾ, ಮೊನ್ನೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, "ದೊಡ್ಡಪ್ಪ, ನಾನು ಮೊದಲಿನಂಗೆ ಆಗೋದು ಯಾವಾಗ?" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ನೀನು ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಯಿತಷ್ಟೆ.

ಚೆಂಡುಹೂ ನಾಟಿ ಮಾಡಿದರೆ ಎರಡು ತಿಂಗಳಿಗೆ ಹೂ ಕೊಯ್ದು ಗಾಡಿಗೆ ತುಂಬಬಹುದು. ಅರಿಶಿನಕ್ಕೆ ಎಂಟೊಂಬತ್ತು ತಿಂಗಳು ಬೇಕು. ಅಷ್ಟೂ ದಿನ ಕಣ್ಣಿಗೆ ಬೀಳುವುದು ಬರೀ ಎಲೆ. ಮನಸ್ಸಿನ ಕಾಯಿಲೆಯಿಂದ ಏಳುವುದು ಅರಿಶಿನದ ಬೆಳೆ.

ನನ್ನ ತಮ್ಮ ಇದೇ ಕಾಯಿಲೆ ಕಂಡವನು. ಕಾಯಿಲೆ ತಗ್ಗಿದ ಮೇಲೂ ಮೂಲೆ ಹಿಡಿದು ಕೂತಿದ್ದ. ಒಂದು ದಿನ ಅವ್ವ ಬಿತ್ತನೆಯ ಸಣ್ಣ ಈರುಳ್ಳಿಯನ್ನು ಮೊರಕ್ಕೆ ಸುರಿದು ಅವನ ಮುಂದಿಟ್ಟು, "ಕೊಳೆತದ್ದು ಬೇರೆ ಮಾಡಪ್ಪ" ಅಂದಳು. ಹತ್ತು ನಿಮಿಷ ಆರಿಸಿ ಮಲಗಿಬಿಟ್ಟ. ಅವ್ವ ಬೈಯಲಿಲ್ಲ, ಮಾರನೇ ದಿನ ಮತ್ತೆ ಮೊರ ಇಟ್ಟಳು. ಹದಿನೈದು ದಿನಕ್ಕೆ ಮೊರ ಅವನೇ ತಂದುಕೊಂಡ. ಆ ಗೆಡ್ಡೆಗಳನ್ನು ಸಾಲಿಗೆ ಊರುವಾಗ ಅವನೂ ನಮ್ಮ ಜೊತೆ ಬಗ್ಗಿದ್ದ. ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ಅನ್ನಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚೇತರಿಸಿಕೊಳ್ಳುವವರಿಗೆ ಬೇಕರಿ, ಹೊಲಿಗೆಯಂಥ ಕೆಲಸ ಕಲಿಸುತ್ತಾರೆ. ಅದೂ ಚಿಕಿತ್ಸೆಯೇ.

ತಮ್ಮ ಒಂದು ತಪ್ಪು ಮಾಡಿದ. ಚೆನ್ನಾಗಾದೆ ಎಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ, ಮತ್ತೆ ಕಾಯಿಲೆ ಮರುಕಳಿಸಿತು. ನಿನಗೆ ಎರಡು ರಾತ್ರಿ ನಿದ್ದೆ ಕೆಟ್ಟರೆ ಮೂರನೆಯದಕ್ಕೆ ಕಾಯಬೇಡ, ಡಾಕ್ಟರಿಗೆ ಹೇಳು. ಮಾದಪ್ಪನಿಗೆ ಹರಕೆ ಹೊರು, ಬೆಟ್ಟಕ್ಕೆ ನಾನೇ ಜೊತೆ ಬರುತ್ತೇನೆ. ಮಾತ್ರೆ ಮಾತ್ರ ಚೀಲದಲ್ಲಿರಲಿ. ನಡುರಾತ್ರಿ ಎದೆ ಭಾರವಾದರೆ 14416ಕ್ಕೆ ಫೋನ್ ಮಾಡು. 2022ರಲ್ಲಿ ಶುರುವಾದ ಟೆಲಿ ಮನಸ್ ಅದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಜಗಲಿಯ ಮೇಲೆ ಯಾರೋ ಏನೋ ಅಂದಾರೆಂದು ತಲೆ ತಗ್ಗಿಸಬೇಡ. ಮನಸ್ಸಿನ ಕಾಯಿಲೆ ಇರುವವರಿಗೂ ಮರ್ಯಾದೆಯಿಂದ ಬದುಕುವ ಹಕ್ಕಿದೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳಿದೆ.

ಇನ್ನು ನಿನ್ನ ಪ್ರಶ್ನೆ. ತಮ್ಮ ಮೊದಲಿನಂತೆ ಆಗಲಿಲ್ಲ ಮಗಾ. ಬಿಟ್ಟ ನೌಕರಿ ಮತ್ತೆ ಸಿಗಲಿಲ್ಲ. ಆದರೆ ಇವತ್ತು ನಮ್ಮ ಹೊಲದ ಲೆಕ್ಕವೆಲ್ಲ ಅವನದೇ. ಅವನಿಲ್ಲದಿದ್ದರೆ ನನಗೆ ಕೈ ಕಟ್ಟಿದಂತೆ. ನೀನೂ ಒಬ್ಬರಿಗೆ ಬೇಕಾದವನಾಗು, ಅಷ್ಟು ಸಾಕು.

ನಾಳೆ ಬೆಳಿಗ್ಗೆ ಹೂ ಕೊಯ್ಯಲು ಬಾ. ಒಂದೇ ಸಾಲು ಕೊಯ್ದು ಮನೆಗೆ ಹೋಗು. ನಾಳಿದ್ದೂ ಬಾ.