ಚಾರ್ಟ್ ಪೇಪರ್‌ನಿಂದ ಹಿತ್ತಲಿಗೆ

‘ಅಮ್ಮ, ಭೂಮಿ ಹೀಗೇ ಬಿಸಿಯಾಗ್ತಾ ಹೋದ್ರೆ ನಾವು ದೊಡ್ಡವರಾಗೋ ಹೊತ್ತಿಗೆ ಏನೂ ಉಳಿದಿರಲ್ವಂತೆ, ಹೌದಾ?’ ಒಂಬತ್ತು-ಹತ್ತು ವರ್ಷದ ಮಕ್ಕಳು ಹೀಗೆ ಕೇಳುವುದು ಈಗ ಅಪರೂಪವಲ್ಲ. ನಮ್ಮ ಬಾಯಿಗೆ ಸಲೀಸಾಗಿ ಬರುವ ಉತ್ತರ ಎರಡು: ‘ಅದೆಲ್ಲ ನಿನಗ್ಯಾಕೆ, ಹೋಗಿ ಓದ್ಕೋ’ ಅಥವಾ ‘ಹೌದಪ್ಪ, ಕಾಲ ಕೆಟ್ಟುಹೋಯ್ತು’. ಮೊದಲನೆಯದರಿಂದ ಮಗುವಿನ ಬಾಯಿ ಮುಚ್ಚುತ್ತದೆ, ಭಯ ಹಾಗೇ ಉಳಿಯುತ್ತದೆ. ಎರಡನೆಯದು ಆ ಭಯಕ್ಕೆ ದೊಡ್ಡವರ ಮುದ್ರೆ ಒತ್ತುತ್ತದೆ.

ಇದು ನಮ್ಮ ಮನೆಯ ಮಕ್ಕಳ ಭಯ ಮಾತ್ರವಲ್ಲ. ಭಾರತವೂ ಸೇರಿ ಹತ್ತು ದೇಶಗಳಲ್ಲಿ 16ರಿಂದ 25 ವರ್ಷದ 10,000 ಮಂದಿಯನ್ನು ಮಾತನಾಡಿಸಿದ ಸಮೀಕ್ಷೆಯೊಂದು 2021ರಲ್ಲಿ ‘ದ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆ ಶೇ 59ರಷ್ಟು ಮಂದಿಯನ್ನು ತೀವ್ರವಾಗಿ ಕಾಡುತ್ತಿತ್ತು. ಸರ್ಕಾರಗಳು ಮಾಡಬೇಕಾದ್ದನ್ನು ಮಾಡುತ್ತಿಲ್ಲ ಎಂಬ ಬೇಸರವೂ ಆ ಚಿಂತೆಯ ಜೊತೆಗೇ ಇತ್ತು. ದೊಡ್ಡವರಿಗೆ ಗೊತ್ತಿದ್ದೂ ಸುಮ್ಮನಿದ್ದಾರೆ ಎನ್ನುವುದು ಮಕ್ಕಳನ್ನು ಒಳಗೊಳಗೇ ಕೊರೆಯುತ್ತದೆ.

ಗೊತ್ತಿರುವುದಂತೂ ನಿಜ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲೇ ಸುಪ್ರೀಂ ಕೋರ್ಟ್ ಶಾಲಾ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತ್ತು. ಅಂದಿನಿಂದ ಎಷ್ಟು ಚಾರ್ಟ್ ಪೇಪರ್, ಎಷ್ಟು ಜೂನ್ 5ರ ಭಾಷಣ, ಎಷ್ಟು ಪ್ರಬಂಧ! ಓದಿದ್ದು ಕೈಗೆ ಇಳಿಯದಿರುವುದೇ ತೊಡಕು. ಸಂಕಲ್ಪ ಏಕೆ ಕೆಲಸವಾಗುವುದಿಲ್ಲ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡ ಕೆಲಸ ನಡೆಯುವ ಸಾಧ್ಯತೆ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ‘ಪ್ಲಾಸ್ಟಿಕ್ ಕಡಿಮೆ ಮಾಡೋಣ’ ಎಂದರೆ ಯಾರಿಗೂ ಕೆಲಸ ಹಚ್ಚಿದಂತಾಗಲಿಲ್ಲ. ‘ಬಟ್ಟೆಚೀಲ ಸ್ಕೂಟರ್ ಡಿಕ್ಕಿಯಲ್ಲೇ ಇರಬೇಕು, ತರಕಾರಿ ಸುರಿದ ಕೂಡಲೇ ಅದನ್ನು ವಾಪಸ್ ಅಲ್ಲಿಡೋದು ನಿನ್ನ ಜವಾಬ್ದಾರಿ’ ಎಂದರೆ ಮಾತಿಗೆ ಕೈಕಾಲು ಬರುತ್ತದೆ.

ಎಲ್ಲಿಂದ ಶುರುಮಾಡೋಣ ಎಂದು ಕೇಳುವ ಪೋಷಕರಿಗೆ ನಾನು ಸೂಚಿಸುವುದು ಅಡುಗೆಮನೆಯ ಹಸಿಕಸವನ್ನು. ಅದು ದಿನವೂ ಹುಟ್ಟುತ್ತದೆ, ಮಗುವಿನ ಕಣ್ಣೆದುರೇ ಬದಲಾಗುತ್ತದೆ, ಹವಾಮಾನಕ್ಕೂ ನೇರ ಸಂಬಂಧವಿದೆ. ತರಕಾರಿ ಸಿಪ್ಪೆ, ಉಳಿದ ಅನ್ನ ಗಾಳಿಯಾಡದ ಕಸದ ರಾಶಿಯಡಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಅದೇ ಸಿಪ್ಪೆ ಗಾಳಿಯಾಡುವಂತೆ ಕೊಳೆತರೆ ಗೊಬ್ಬರ. ಮಗುವಿಗೆ ಮಂಡೂರಿನ ಕಥೆಯನ್ನೂ ಹೇಳಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಆ ಹಳ್ಳಿಯ ಪಕ್ಕದಲ್ಲಿ. ಅಲ್ಲಿನ ಜನ ಹೋರಾಡಿ ಹೋರಾಡಿ, 2014ರ ಡಿಸೆಂಬರ್‌ನಲ್ಲಿ ಲಾರಿಗಳು ನಿಂತವು. ನಾವು ಎಸೆದದ್ದು ಇನ್ಯಾರದೋ ಮನೆಯಂಗಳಕ್ಕೆ ಹೋಗುತ್ತದೆ ಎನ್ನುವುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಮಾಡುವ ಬಗೆ ಕಷ್ಟದ್ದಲ್ಲ. ಹಳೆಯ ಪೇಂಟ್ ಬಕೆಟ್‌ ತೊಳೆದು ತಳಕ್ಕೂ ಪಕ್ಕಕ್ಕೂ ತೂತು ಹಾಕಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ಒಣಎಲೆ ಅಥವಾ ತೆಂಗಿನ ನಾರಿನ ಪುಡಿ. ಅದರ ಮೇಲೆ ಆಯಾ ದಿನದ ಸಿಪ್ಪೆ, ಅದು ಮುಚ್ಚುವಷ್ಟು ಮತ್ತೆ ಒಣಎಲೆ. ಮೊದಲ ದಿನಗಳಲ್ಲಿ ಎರಡು ಚಮಚ ಹುಳಿಮಜ್ಜಿಗೆ ಚಿಮುಕಿಸಿದರೆ ಕೊಳೆಯುವ ಕೆಲಸ ಚುರುಕಾಗುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಎರಡನೇ ವಾರದ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಕೆಲಸ ನಿಂತುಹೋಗುತ್ತದೆ, ಅದಕ್ಕೆ ಕಾರಣ ವಾಸನೆ. ನಾತ ಹೊಡೆದರೆ ನೀರಿನಂಶ ಜಾಸ್ತಿಯಾಗಿದೆ ಎಂದರ್ಥ. ಇನ್ನಷ್ಟು ಒಣಎಲೆ ಹಾಕಿ ಕೆದಕಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಬಿಳಿ-ಕಂದು ಬಣ್ಣದ ದಪ್ಪ ಹುಳುಗಳು ಕಂಡರೆ ಹೆದರಿ ಬಕೆಟ್ ಹೊರಗಿಡಬೇಡಿ. ಸಾಮಾನ್ಯವಾಗಿ ಅವು ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು, ಕಚ್ಚುವುದಿಲ್ಲ, ಕಸ ತಿಂದು ನಿಮ್ಮ ಕೆಲಸ ಹಗುರ ಮಾಡುತ್ತವೆ. ಬಕೆಟ್ ತುಂಬಿದ ಮೇಲೆ ತಿಂಗಳೊಪ್ಪತ್ತು ಬಿಟ್ಟರೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಕೆದಕುವುದು, ಒಣಎಲೆ ಆರಿಸಿ ತರುವುದು ಮಗುವಿನ ಪಾಲಿಗೆ ಇರಲಿ. ಆಸ್ತಮಾ ಇರುವ ಮಗುವಾದರೆ ಕೆದಕುವ ಕೆಲಸ ನೀವೇ ಮಾಡಿ, ಏಕೆಂದರೆ ಬೂಷ್ಟಿನ ಕಣಗಳು ಎದ್ದು ಉಬ್ಬಸ ಕೆರಳಿಸಬಹುದು.

ಒಣಎಲೆಯ ಮಾತು ಬಂದದ್ದರಿಂದ ಹೊಗೆಯ ಮಾತೂ ಬರಬೇಕು. ಬೆಳಗಿನ ಹೊತ್ತು ಬೀದಿಬದಿಯಲ್ಲಿ ಎಲೆ, ಕವರ್, ಥರ್ಮಕೋಲ್ ಗುಡ್ಡೆಮಾಡಿ ಬೆಂಕಿ ಹಚ್ಚಿರುತ್ತಾರೆ. ಅದೇ ಹೊತ್ತಿಗೆ ಮಕ್ಕಳು ಶಾಲಾ ವಾಹನಕ್ಕೆ ಕಾಯುತ್ತಿರುತ್ತಾರೆ. ಆ ಹೊಗೆಯಲ್ಲಿರುವ ಪಿಎಂ 2.5 ಕಣಗಳು ಕೂದಲೆಳೆಯ ದಪ್ಪದ ಮೂವತ್ತನೇ ಒಂದು ಭಾಗದಷ್ಟು ಸಣ್ಣವು, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ. ದೊಡ್ಡವರಿಗಿಂತ ಮಕ್ಕಳ ಉಸಿರಾಟದ ವೇಗ ಹೆಚ್ಚು, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಆದರೂ ಪೌರಕಾರ್ಮಿಕರ ಮೇಲೆ ರೇಗುವುದು ತಪ್ಪು. ಎಲೆ ಒಯ್ಯಲು ಗಾಡಿ ಬರದಿದ್ದರೆ ಅವರಾದರೂ ಏನು ಮಾಡಿಯಾರು? ಆ ಎಲೆಯನ್ನು ಗೋಣಿಚೀಲದಲ್ಲಿ ತುಂಬಿಸಿಕೊಂಡು ಬನ್ನಿ, ನಿಮ್ಮ ಬಕೆಟ್‌ಗೆ ಬೇಕಾದದ್ದೂ ಅದೇ. ಬೀದಿಯ ಮೂರ್ನಾಲ್ಕು ಮನೆಯವರು ಸೇರಿದರೆ ಸುಡುವ ಗುಡ್ಡೆಯೇ ಚಿಕ್ಕದಾಗುತ್ತದೆ.

‘ಇಷ್ಟರಿಂದ ಏನಾದರೂ ಆಗುತ್ತಾ?’ ಎಂದು ಮಗು ಕೇಳಿಯೇ ಕೇಳುತ್ತದೆ. ಸುಳ್ಳು ಹೇಳಬೇಡಿ. ಒಂದು ಬಕೆಟ್‌ನಿಂದ ಭೂಮಿಯ ತಾಪ ಇಳಿಯುವುದಿಲ್ಲ. ಕಲ್ಲಿದ್ದಲು, ಬಸ್ಸು, ಕಾರ್ಖಾನೆ ಹೊಗೆಯ ತೀರ್ಮಾನಗಳು ದೊಡ್ಡವರ ಕೈಯಲ್ಲಿವೆ, ಆ ಭಾರವನ್ನು ಮಕ್ಕಳ ಹೆಗಲಿಗೆ ಹಾಕುವುದು ಅನ್ಯಾಯ. ಆದರೆ ಅಂಥ ತೀರ್ಮಾನಗಳಾದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವಾಹನ, ಕಾರ್ಖಾನೆಗಳ ಹೊಗೆಗೆ ಬಿಗಿ ನಿಯಮ ಬಂದು ಗಾಳಿ ತಿಳಿಯಾಯಿತು. ಅಲ್ಲಿನ ಮಕ್ಕಳ ಮೂರು ತಂಡಗಳನ್ನು 1994ರಿಂದ 2011ರ ನಡುವೆ ಬೇರೆಬೇರೆ ಅವಧಿಯಲ್ಲಿ ಪರೀಕ್ಷಿಸಿದಾಗ, ಹದಿನೈದನೇ ವಯಸ್ಸಿಗೆ ಶ್ವಾಸಕೋಶದ ಶಕ್ತಿ ತೀರಾ ಕಡಿಮೆ ಇದ್ದವರ ಪ್ರಮಾಣ ಶೇ 7.9ರಿಂದ ಶೇ 3.6ಕ್ಕೆ ಇಳಿದಿತ್ತು. ಗಾಳಿ ಸುಧಾರಿಸಿದಂತೆ ಮಕ್ಕಳ ಎದೆಗೂಡೂ ಸುಧಾರಿಸಿತು. ಈ ಒಂದು ಸಂಗತಿ ನನಗೆ ಇಂದಿಗೂ ಧೈರ್ಯ ಕೊಡುತ್ತದೆ.

ಹಾಗಾಗಿ ಬಕೆಟ್‌ನ ಜೊತೆಗೆ ಒಂದು ಅರ್ಜಿಯೂ ಇರಲಿ. ಹಳ್ಳಿಯಲ್ಲಿದ್ದರೆ ಮಕ್ಕಳ ಗ್ರಾಮಸಭೆ ಇದೆ. ಮಕ್ಕಳೇ ನಿಂತು ಪ್ರಶ್ನೆ ಕೇಳಲು ಕರ್ನಾಟಕದ ಪಂಚಾಯಿತಿಗಳಲ್ಲಿರುವ ಒಳ್ಳೆಯ ವೇದಿಕೆ ಅದು. ಪಟ್ಟಣದಲ್ಲಿದ್ದರೆ ವಾರ್ಡ್ ಕಚೇರಿಗೆ ಒಂದು ಪತ್ರ: ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಏನು ಸುಡುತ್ತಾರೆ, ಏನು ವ್ಯವಸ್ಥೆ ಬೇಕು ಎಂದು. ಮಗು ಬರೆಯಲಿ, ಕೆಳಗೆ ನೀವೂ ಸಹಿ ಹಾಕಿ, ಸ್ವೀಕೃತಿ ಪಡೆದು, ಹದಿನೈದು ದಿನ ಬಿಟ್ಟು ಜೊತೆಯಲ್ಲೇ ಹೋಗಿ ವಿಚಾರಿಸಿ. ಉತ್ತರ ಬರದಿದ್ದರೆ ಇನ್ನೊಂದು ಪತ್ರ. ಶಾಲೆಯ ಗೇಟಿನ ಮುಂದೆ ಇಂಜಿನ್ ಆಫ್ ಮಾಡದೆ ಕಾಯುವ ಕಾರು, ವ್ಯಾನುಗಳ ವಿಷಯವನ್ನು ಮುಂದಿನ ಪೋಷಕರ ಸಭೆಯಲ್ಲೇ ಎತ್ತಬಹುದು.

ಮಕ್ಕಳ ಮಾತಿಗೆ ಮನೆಯಲ್ಲಿ ತೂಕವಿದೆ ಎಂಬುದಕ್ಕೂ ಆಧಾರವಿದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಹವಾಮಾನದ ಪಾಠ ಕಲಿಸಿದಾಗ ಅವರ ತಂದೆ-ತಾಯಂದಿರ ಕಾಳಜಿಯೂ ಹೆಚ್ಚಿತು ಎಂದು 2019ರ ಅಧ್ಯಯನವೊಂದು ತೋರಿಸಿತು. ಹೆಣ್ಣುಮಕ್ಕಳ ಮಾತು ಇನ್ನೂ ಹೆಚ್ಚು ನಾಟಿತ್ತು. ಎಸಿ ಯಾಕೆ ಇಷ್ಟು ತಣ್ಣಗೆ, ಎರಡು ಬೀದಿ ಆಚೆಗೆ ಕಾರು ಯಾಕೆ ಎಂದು ಮಗಳು ಕೇಳಿದರೆ ಗದರಬೇಡಿ. ಒಮ್ಮೆಯಾದರೂ ಅವಳ ಜೊತೆ ನಡೆದುಹೋಗಿ.

ಇಷ್ಟಾದರೂ ಕೆಲವು ಮಕ್ಕಳ ಭಯ ಹೋಗುವುದಿಲ್ಲ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಪ್ರವಾಹದ ವಿಡಿಯೊಗಳನ್ನು ಬಿಡದೆ ನೋಡುತ್ತಿದ್ದರೆ, ಇದು ಎರಡು ವಾರ ದಾಟಿದರೆ ಮಕ್ಕಳ ವೈದ್ಯರ ಬಳಿ ಮಾತನಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.