ಮೂತ್ರದ ಮಾತ್ರೆಯೂ ಎಳನೀರೂ

ಕಾಲು ಊದಿಕೊಂಡವರಿಗೆ, ನಡೆದರೆ ಏದುಸಿರು ಬರುವವರಿಗೆ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಬರೆದುಕೊಡುವುದುಂಟು. ಆಗ ಮನೆಯವರು ಕೊಡುವ ಸಲಹೆ ಒಂದೇ: “ಮೂತ್ರದಲ್ಲಿ ಶಕ್ತಿಯೆಲ್ಲ ಹೋಗುತ್ತದೆ, ದಿನಾ ಎಳನೀರು ಕುಡಿಯಿರಿ.” ಆದರೆ ನಿಮ್ಮ ಮಾತ್ರೆ ಸ್ಪೈರನೊಲ್ಯಾಕ್ಟೋನ್ ಆಗಿದ್ದರೆ ಈ ಸಲಹೆ ಅಪಾಯ ತರಬಹುದು.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಉಪ್ಪು ಮತ್ತು ನೀರನ್ನು ದೇಹದಲ್ಲಿ ಉಳಿಸಿ, ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಸ್ಪೈರನೊಲ್ಯಾಕ್ಟೋನ್ ಈ ಹಾರ್ಮೋನನ್ನು ತಡೆಯುತ್ತದೆ. ಆಗ ಉಪ್ಪು, ನೀರು ಹೊರಹೋಗಿ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಫ್ಯೂರೋಸೆಮೈಡ್‌ನಂತಹ ಮಾತ್ರೆಗಳಲ್ಲಾದರೋ ಪೊಟ್ಯಾಸಿಯಂ ಕೂಡ ಹೊರಹೋಗುತ್ತದೆ. ಎರಡೂ ಸೇರಿದ ಮಾತ್ರೆಗಳೂ ಇವೆ. ಆದ್ದರಿಂದ ಹೆಸರನ್ನು ಓದಿ ನೋಡಿ.

ಉಪಯೋಗಗಳು: ಹೃದಯ ವೈಫಲ್ಯ, ಲಿವರ್ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬುವುದು, ಮೂರು ಔಷಧಿಗಳಿಗೂ ಬಗ್ಗದ ರಕ್ತದೊತ್ತಡ. ತೀವ್ರ ಹೃದಯ ವೈಫಲ್ಯದವರಲ್ಲಿ ಇದು ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸಿತೆಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪುರುಷ ಹಾರ್ಮೋನನ್ನೂ ತಡೆಯುವುದರಿಂದ ಮಹಿಳೆಯರ ಮೊಡವೆ, ಮುಖದ ಅನಗತ್ಯ ಕೂದಲಿಗೂ ಕೊಡುವುದುಂಟು. ಇದೇ ಕಾರಣಕ್ಕೆ ಪುರುಷರಲ್ಲಿ ಎದೆ ಊದಿ ನೋಯಬಹುದು, ಮಹಿಳೆಯರಲ್ಲಿ ಮುಟ್ಟು ಏರುಪೇರಾಗಬಹುದು. ನಾಚಿಕೊಂಡು ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ವೈದ್ಯರಿಗೆ ಮೊದಲೇ ಹೇಳಬೇಕು.

ದೊಡ್ಡ ಅಪಾಯ ಪೊಟ್ಯಾಸಿಯಂ ಏರುವುದು. ಅದು ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದು. ಅನೇಕರಿಗೆ ಯಾವ ಸೂಚನೆಯೂ ಸಿಗದು. ಕೆಲವರಿಗೆ ಸ್ನಾಯುಗಳು ಸೋಲುತ್ತವೆ, ನಾಡಿ ನಿಧಾನವಾಗುತ್ತದೆ. ವೃದ್ಧರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂತಹ ಬಿ.ಪಿ. ಮಾತ್ರೆ ನುಂಗುವವರು ಹೆಚ್ಚು ಎಚ್ಚರ ವಹಿಸಬೇಕು.

ನೆನಪಿಡಿ:

* ಎಳನೀರು, ಬಾಳೆಹಣ್ಣು, ಖರ್ಜೂರ ಎಷ್ಟು ಸೇವಿಸಬಹುದೆಂದು ವೈದ್ಯರನ್ನು ಕೇಳಿ.
* “ಕಡಿಮೆ ಸೋಡಿಯಂ” ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಬಳಸಬೇಡಿ.
* ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಕೇಳದೆ ನುಂಗಬೇಡಿ.
* ವಾಂತಿ ಭೇದಿಯಾದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ಫೋನ್ ಮಾಡಿ.
* ಉಪವಾಸ ಹಿಡಿಯುವವರು ರಮಝಾನಿಗೆ ಮೊದಲೇ ವೈದ್ಯರನ್ನು ಕಾಣಿ.
* ಮಾತ್ರೆ ಶುರುವಾದ ವಾರದಲ್ಲಿ, ತಿಂಗಳಲ್ಲಿ, ನಂತರ ವೈದ್ಯರು ಹೇಳಿದಂತೆ ರಕ್ತ ಪರೀಕ್ಷೆ ಮಾಡಿಸಿ.

ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸರಿಯಾಗಿ ಬಳಸಿದರೆ ಇದು ಜೀವ ಉಳಿಸುವ ಔಷಧಿ. ಊತ ಇಳಿಯಿತೆಂದು ರಕ್ತ ಪರೀಕ್ಷೆ ತಪ್ಪಿಸುವುದೇ ನಾವು ಮಾಡುವ ತಪ್ಪು.